ಇರುವ ಫೈಲು ಇಲ್ಲವೆಂದಾಗ: ದಾವಣಗೆರೆಯ ಮಂಡಿಯೊಂದರ ಚೀಟಿ ಪ್ರಿಂಟರ್ ದುರಸ್ತಿಯ ದಾಖಲೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ನನ್ನ ಸೋದರಮಾವನ ಮೆಕ್ಕೆಜೋಳದ ದಲಾಲಿ ಅಂಗಡಿಯಿದೆ. ತೂಕವಾದ ಪ್ರತಿ ಲೋಡಿಗೂ ಒಟ್ಟು ತೂಕ, ಖಾಲಿ ಗಾಡಿಯ ತೂಕ, ನಿವ್ವಳ ತೂಕ, ಚೀಲಗಳ ಲೆಕ್ಕ ಹಾಗೂ ಹಮಾಲಿಯನ್ನು ನಮೂದಿಸಿದ ಚೀಟಿಯನ್ನು ರೈತರ ಕೈಗೆ ಕೊಡುವುದು ಅಲ್ಲಿಯ ವಾಡಿಕೆ. ಜಗಳೂರು, ಮಾಯಕೊಂಡದ ಕಡೆಯಿಂದ ಬರುವವರು ಆ ಚೀಟಿಯನ್ನು ಅಲ್ಲಿಯೇ ನಿಂತು ಓದಿ ನೋಡುತ್ತಾರಾದ್ದರಿಂದ ಅದು ಕನ್ನಡದಲ್ಲಿಯೇ ಇರಬೇಕೆಂಬುದು ಮಾವನ ಹಟ. ಬರೀ ಇಂಗ್ಲಿಷ್ ಅಕ್ಷರಗಳಾಗಿದ್ದರೆ 80 ಮಿ.ಮೀ. ಕಾಗದದ ಥರ್ಮಲ್ ಪ್ರಿಂಟರಿಗೆ ಯಾವ ಡ್ರೈವರಿನ ಹಂಗೂ ಇಲ್ಲದೆ ನೇರವಾಗಿ ಅಕ್ಷರಗಳನ್ನು ಕಳುಹಿಸಬಹುದಿತ್ತು. ಆದರೆ ಆ ಪ್ರಿಂಟರಿನೊಳಗೆ ಕನ್ನಡದ ಅಕ್ಷರವಿಲ್ಲ, ಒತ್ತಕ್ಷರವನ್ನು ಜೋಡಿಸುವ ವಿದ್ಯೆಯಂತೂ ಇಲ್ಲವೇ ಇಲ್ಲ. ಆದ್ದರಿಂದ ಇಡೀ ಚೀಟಿಯನ್ನು ಚಿತ್ರವಾಗಿ ಮಾಡಿ ಚುಕ್ಕಿ ಚುಕ್ಕಿಯಾಗಿ ಕಳುಹಿಸಬೇಕಾಗುತ್ತದೆ, ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದುದು ತಯಾರಕರು ಕೊಟ್ಟ ಡ್ರೈವರ್ ಪ್ಯಾಕೇಜು. ಈ ಬರಹ ಆ ಪ್ಯಾಕೇಜನ್ನು ಹೊಸ ವ್ಯವಸ್ಥೆಯ ಮೇಲೆ ಕೂರಿಸಲು ಪಟ್ಟ ಪಾಡಿನ ದಾಖಲೆ.

ಅಂಗಡಿಯ ಕಂಪ್ಯೂಟರಿನಲ್ಲಿ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ 10ನೇ ಆವೃತ್ತಿ ಇತ್ತು. ಹೊಸ ಜೋಳ ಮಾರುಕಟ್ಟೆಗೆ ಬರತೊಡಗಿದ ವಾರದಲ್ಲಿಯೇ ಅದರ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು. ಉಳಿದದ್ದನ್ನೆಲ್ಲ ಪ್ರತಿ ಮಾಡಿಕೊಂಡು, ಹೊಸ ಎಸ್ಎಸ್‌ಡಿ ಹಾಕಿ, ಡೆಬಿಯನ್ 12ರ 64 ಬಿಟ್ ಆವೃತ್ತಿಯನ್ನು ಅನುಸ್ಥಾಪಿಸಿದೆ. ಅಲ್ಲಿಯವರೆಗೆ ಎಲ್ಲವೂ ಒಂದು ಮಧ್ಯಾಹ್ನದ ಕೆಲಸವಾಗಿತ್ತು. ಹಳೆಯ ಡಿಸ್ಕಿನಲ್ಲಿದ್ದ ಡ್ರೈವರಿನ ಡೆಬ್ ಫೈಲನ್ನು (ಡೆಬಿಯನ್ ಪ್ಯಾಕೇಜಿನ ಕಟ್ಟು), ಪ್ಯಾಕೇಜುಗಳನ್ನು ಹಾಕಿ ತೆಗೆಯುವ ಡಿಪಿಕೆಜಿಗೆ ಕೊಟ್ಟಾಗ ಫೈಲುಗಳೆಲ್ಲ ಬಿಚ್ಚಿಕೊಂಡು ತಮ್ಮ ತಮ್ಮ ಜಾಗ ಸೇರಿದವು, ಆದರೆ ಕೊನೆಯ ಹಂತದಲ್ಲಿ ದೋಷದ ಸಂದೇಶವೊಂದು ಬಂದಿತು. ಅನುಸ್ಥಾಪನೆಯ ನಂತರ ಓಡಿಸಬೇಕಾದ ಸ್ಕ್ರಿಪ್ಟನ್ನು, ಅಂದರೆ /ವಾರ್/ಲಿಬ್/ಡಿಪಿಕೆಜಿ/ಇನ್ಫೋ ಒಳಗಿನ 'ಪೋಸ್ಟ್‌ಇನ್‌ಸ್ಟ್' ಫೈಲನ್ನು, ಓಡಿಸಲಾಗಲಿಲ್ಲ ಎಂದು ಹೇಳಿ, ಕಾರಣವಾಗಿ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎಂದು ಅದು ತಿಳಿಸಿತ್ತು.

ಆ ಜಾಗಕ್ಕೆ ಹೋಗಿ ನೋಡಿದರೆ ಫೈಲು ಅಲ್ಲಿಯೇ ಇತ್ತು. ಓಡಿಸುವ ಅನುಮತಿಯೂ ಇತ್ತು, ತೆರೆದರೆ ಓದಲಿಕ್ಕೂ ಬರುತ್ತಿತ್ತು. ಹಿಂದೆ ನಿಂತು ನೋಡುತ್ತಿದ್ದ ಮಾವ, "ನೀನು ಐತಿ ಅಂತೀಯ, ಅದು ಇಲ್ಲ ಅಂತತಿ. ಯಾರ ಮಾತು ನಂಬ್ಲಪ್ಪ ನಾನು?" ಎಂದರು. ಆ ಹೊತ್ತಿಗೆ ಅದು ಕುಹಕವೆನಿಸಿದರೂ ಈ ದೋಷದ ಕುರಿತು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

ಇಬ್ಬರ ಮಾತೂ ನಿಜ. ಸ್ಕ್ರಿಪ್ಟ್ ಎಂಬುದು ತಾನಾಗಿ ಓಡುವ ವಸ್ತುವಲ್ಲ. ಅದನ್ನು ಓದಿ ನಡೆಸುವ ಇನ್ನೊಂದು ಪ್ರೋಗ್ರಾಂ, ಅಂದರೆ ಇಂಟರ್‌ಪ್ರಿಟರ್, ಯಾವುದೆಂದು ಅದರ ಮೊದಲ ಸಾಲಿನಲ್ಲಿ '#!' ಎಂಬ ಎರಡು ಚಿಹ್ನೆಗಳ ನಂತರ ಬರೆದಿರುತ್ತದೆ. ಈ ಏರ್ಪಾಡನ್ನು ಬೆಲ್ ಲ್ಯಾಬ್ಸ್‌ನ ಡೆನ್ನಿಸ್ ರಿಚಿ 1980ರ ಜನವರಿಯಲ್ಲಿ ಯುನಿಕ್ಸ್ ಕರ್ನಲ್ಲಿಗೆ, ಅಂದರೆ ಆ ವ್ಯವಸ್ಥೆಯ ತಿರುಳಿಗೆ, ಸೇರಿಸಿದರು, ಲಿನಕ್ಸ್ ಅದನ್ನೇ ಮುಂದುವರಿಸಿಕೊಂಡು ಬಂದಿದೆ. ಕರ್ನಲ್ ಆ ಎರಡು ಬೈಟುಗಳನ್ನು ಕಂಡೊಡನೆ ಮುಂದಿನ ದಾರಿಯನ್ನು ಓದಿ, ಅಲ್ಲಿರುವ ಪ್ರೋಗ್ರಾಮನ್ನು ಓಡಿಸಲು ಹೋಗುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ, ತನ್ನನ್ನು ಕೇಳಿದವರಿಗೆ 'ಫೈಲಿಲ್ಲ' ಎಂಬ ಸಂಖ್ಯೆಯನ್ನಷ್ಟೇ ಹಿಂದಿರುಗಿಸುತ್ತದೆ. ಯಾವ ಫೈಲು ಎಂಬುದನ್ನು ಹೇಳಲು ಆ ಸಂಖ್ಯೆಯಲ್ಲಿ ಜಾಗವಿಲ್ಲ. ಡಿಪಿಕೆಜಿ ತಾನು ಓಡಿಸಲು ಹೊರಟ ಫೈಲಿನ ಹೆಸರನ್ನು ಆ ಸಂಖ್ಯೆಯ ಅರ್ಥದ ಪಕ್ಕದಲ್ಲಿಟ್ಟು ತೋರಿಸುವುದರಿಂದ, ಇರುವ ಫೈಲೇ ಇಲ್ಲವೆಂದು ನಮಗೆ ಕಾಣುತ್ತದೆ. ಟರ್ಮಿನಲ್ಲಿನಲ್ಲಿ ಬರೆದ ಆಜ್ಞೆಗಳನ್ನು ನಡೆಸುವ ಬ್ಯಾಶ್ ಎಂಬ ಶೆಲ್ ಹಿಂದೆ ಇಂಥ ಕಡೆ 'ಬ್ಯಾಡ್ ಇಂಟರ್‌ಪ್ರಿಟರ್' ಎಂದು ಹೇಳಿ ಇಂಟರ್‌ಪ್ರಿಟರಿನ ಹೆಸರನ್ನೂ ತೋರಿಸುತ್ತಿತ್ತು. ಡೆಬಿಯನ್ 12ರಲ್ಲಿರುವ ಬ್ಯಾಶ್ 5.2 ಅದರ ಬದಲು, ಬೇಕಾದ ಫೈಲು ಸಿಗಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ನನ್ನ ಮಟ್ಟಿಗೆ ಹಳೆಯದೇ ಮೇಲು.

ನನ್ನ ಪೋಸ್ಟ್‌ಇನ್‌ಸ್ಟ್ ಫೈಲಿನ ಮೊದಲ ಸಾಲು '#!/ಯುಎಸ್‌ಆರ್/ಬಿನ್/ಪೈಥಾನ್' ಎಂದಿತ್ತು. ಡೆಬಿಯನ್ 10ರಲ್ಲಿ ಆ ಹೆಸರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2.7 ಆವೃತ್ತಿಗೆ ಒಯ್ಯುತ್ತಿತ್ತು. ಪೈಥಾನ್ 2ಕ್ಕೆ ಅದರ ರಚನಕಾರರು ಕೊಡುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು, ಡೆಬಿಯನ್ 12ರ ಭಂಡಾರದಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿರುವುದು 'ಪೈಥಾನ್3' ಎಂಬ ಹೆಸರು ಮಾತ್ರ. ಅಂಕಿಯಿಲ್ಲದ ಬರೀ 'ಪೈಥಾನ್' ಎಂಬ ಹೆಸರಿನಲ್ಲಿ ಯಾವ ಫೈಲೂ ಇರುವುದಿಲ್ಲ.

ಇಂಥ ಕಡೆ ಸುಲಭವಾಗಿ ಸಿಗುವ ಸಲಹೆ, ಪೈಥಾನ್3ಕ್ಕೆ ಪೈಥಾನ್ ಎಂಬ ಕೊಂಡಿ ಹಾಕಿಬಿಡಿ ಎಂಬುದು. ಕೈಯಿಂದ ಕೊಂಡಿ ಹಾಕುವುದಕ್ಕಿಂತ 'ಪೈಥಾನ್-ಈಸ್-ಪೈಥಾನ್3' ಎಂಬ ಪ್ಯಾಕೇಜನ್ನು ಹಾಕುವುದು ಉತ್ತಮ, ಏಕೆಂದರೆ ಆ ಕೊಂಡಿ ಯಾರದೆಂಬುದು ಡಿಪಿಕೆಜಿಯ ಲೆಕ್ಕದಲ್ಲಿರುತ್ತದೆ. ನಾನು ಅದನ್ನೇ ಮಾಡಿದೆ. ಇಂಟರ್‌ಪ್ರಿಟರ್ ಸಿಕ್ಕಿತು, 'ಫೈಲಿಲ್ಲ' ಎಂಬ ದೂರು ಹೋಯಿತು, ಅದರ ಜಾಗಕ್ಕೆ ಸಿಂಟ್ಯಾಕ್ಸ್ ದೋಷ ಬಂದಿತು. ಒಳಗಿನ ಸಂಕೇತವು (ಕೋಡ್) ಪೈಥಾನ್ 2ರ ಕಾಲದ್ದಾಗಿದ್ದು, ಪ್ರಿಂಟ್ ಎಂಬುದಕ್ಕೆ ಆವರಣ ಚಿಹ್ನೆಗಳೇ ಇರಲಿಲ್ಲ. ಹೊಸ ಮೇಷ್ಟ್ರನ್ನು ತಂದು ಕೂರಿಸಿದರೆ ಹಳೆಯ ಪಠ್ಯ ಅವರಿಗೆ ಓದಲು ಬರಲಿಲ್ಲ ಎಂಬಂತಾಯಿತು. ಆ ಪ್ಯಾಕೇಜನ್ನು ತೆಗೆದುಹಾಕಿದೆ.

ಈ ನಡುವೆ ಇನ್ನೊಂದು ತೊಡಕು ಬೆಳೆದಿತ್ತು. ಪೋಸ್ಟ್‌ಇನ್‌ಸ್ಟ್ ಸೋತ ಪ್ಯಾಕೇಜು ಡಿಪಿಕೆಜಿಯ ಪಟ್ಟಿಯಲ್ಲಿ ಅರೆ ಸಂಯೋಜಿತ ಸ್ಥಿತಿಯಲ್ಲಿ ಉಳಿಯುತ್ತದೆ, ಮುಂದೆ ಯಾವ ಪ್ಯಾಕೇಜು ಹಾಕಲು ಹೋದರೂ ವ್ಯವಸ್ಥೆ ಮೊದಲು ಇದನ್ನು ಮುಗಿಸಲು ಯತ್ನಿಸಿ ಮತ್ತೆ ಸೋಲುತ್ತದೆ. ಚೀಟಿಗೆ ಬೇಕಾದ ನವಿಲು ಮತ್ತು ಗುಬ್ಬಿ ಅಕ್ಷರಶೈಲಿಗಳನ್ನು ಹಾಕುವಾಗಲೂ ಕೊನೆಯಲ್ಲಿ ಅದೇ ರಗಳೆ. ಸರಿ, ಇದನ್ನು ಕಿತ್ತೇ ಹಾಕೋಣವೆಂದರೆ ತೆಗೆಯುವ ಮುನ್ನ ಓಡಬೇಕಾದ 'ಪ್ರೀಆರ್‌ಎಂ' ಸ್ಕ್ರಿಪ್ಟಿನ ಮೊದಲ ಸಾಲೂ ಅದೇ ಪೈಥಾನ್ ಆಗಿತ್ತು. ಒಳಗೆ ಬಂದವನು ಹೊರಗೂ ಹೋಗಲಾರದ ಸ್ಥಿತಿ. ಆ ಪ್ರೀಆರ್‌ಎಂ ಏನು ಮಾಡುತ್ತದೆಂದು ಮೊದಲು ಪೂರ್ತಿ ಓದಿದೆ. ಪ್ರಿಂಟ್ ಸೇವೆಯನ್ನು ಮರಳಿ ಆರಂಭಿಸುವುದರ ಹೊರತು ಅದರಲ್ಲಿ ಬೇರೇನೂ ಇರಲಿಲ್ಲ. ಆಮೇಲೆ ಇನ್ಫೋ ಡೈರೆಕ್ಟರಿಯಲ್ಲಿದ್ದ ಆ ಫೈಲಿನ ಮೊದಲ ಸಾಲನ್ನು '#!/ಬಿನ್/ಎಸ್ಎಚ್' ಎಂದು ತಿದ್ದಿ, ಉಳಿದದ್ದನ್ನೆಲ್ಲ ಅಳಿಸಿ, ಯಶಸ್ಸಿನೊಂದಿಗೆ ಹೊರಬೀಳುವ ಒಂದೇ ಸಾಲನ್ನು ಇಟ್ಟೆ. ಪ್ಯಾಕೇಜು ತಕರಾರಿಲ್ಲದೆ ಹೊರಗೆ ಹೋಯಿತು. ಹೀಗೆ ಡಿಪಿಕೆಜಿಯ ಸ್ವಂತ ಡೈರೆಕ್ಟರಿಗೆ ಕೈ ಹಾಕುವುದು ಒಳ್ಳೆಯ ಅಭ್ಯಾಸವಲ್ಲ, ಓದದೆ ಹಾಕುವುದಂತೂ ಸಲ್ಲದು.

ಮರುದಿನ ಬೆಳಿಗ್ಗೆ ಡೆಬ್ ಫೈಲನ್ನೇ ಬಿಚ್ಚಿ ಮತ್ತೆ ಕಟ್ಟಲು ಕುಳಿತೆ. ಡಿಪಿಕೆಜಿ-ಡೆಬ್ ಆಜ್ಞೆಗೆ ದೊಡ್ಡ 'ಆರ್' ಆಯ್ಕೆ ಕೊಟ್ಟರೆ ಪ್ಯಾಕೇಜಿನ ಫೈಲುಗಳ ಜೊತೆಗೆ ಅದರ ನಿಯಂತ್ರಣ ಫೈಲುಗಳೂ 'ಡೆಬಿಯನ್' ಎಂಬ ಡೈರೆಕ್ಟರಿಯಲ್ಲಿ ಬಿಚ್ಚಿಕೊಳ್ಳುತ್ತವೆ. ಪೋಸ್ಟ್‌ಇನ್‌ಸ್ಟ್‌ನಲ್ಲಿದ್ದ ಪೈಥಾನ್ ಸಂಕೇತ ಒಟ್ಟು 11 ಸಾಲು. ಪ್ರಿಂಟರಿನ ವಿವರದ ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ರತಿ ಮಾಡಿ, ಕಪ್ಸ್ ಎಂಬ ಪ್ರಿಂಟ್ ಸೇವೆಯನ್ನು ಮರಳಿ ಆರಂಭಿಸುವುದಷ್ಟೇ ಅದರ ಕೆಲಸ. ಅಷ್ಟಕ್ಕೆ ಪೈಥಾನನ್ನು ಏಕೆ ಕರೆದರೋ ಅವರಿಗೇ ಗೊತ್ತು. ಅನುಸ್ಥಾಪನೆಯ ಸ್ಕ್ರಿಪ್ಟಿಗೆ ವ್ಯವಸ್ಥೆಯಲ್ಲಿ ಖಂಡಿತವಾಗಿ ಇರುವ ಇಂಟರ್‌ಪ್ರಿಟರನ್ನೇ ನೆಚ್ಚಬೇಕು, ಅದು /ಬಿನ್/ಎಸ್ಎಚ್. ಬೇರೆಯದು ಬೇಕೇ ಬೇಕೆಂದಾದರೆ ಅದನ್ನು ಪ್ಯಾಕೇಜಿನ ಅವಲಂಬನೆಗಳ ಪಟ್ಟಿಯಲ್ಲಿ ಬರೆಯಬೇಕು. ಹಾಗೆ ಬರೆದಿದ್ದು, ಅವಲಂಬನೆಗಳನ್ನೂ ನೋಡಿಕೊಳ್ಳುವ ಎಪಿಟಿ ಎಂಬ ಸಾಧನದ ಮೂಲಕ ಹಾಕಿದ್ದರೆ, ಏನೂ ಬಿಚ್ಚಿಕೊಳ್ಳುವ ಮೊದಲೇ, ಇಂಥದ್ದು ಇಲ್ಲವೆಂದು ಅದು ಸ್ಪಷ್ಟವಾಗಿ ಹೇಳಿ ನಿಲ್ಲುತ್ತಿತ್ತು. 11 ಸಾಲುಗಳನ್ನು 4 ಸಾಲುಗಳ ಶೆಲ್ ಸ್ಕ್ರಿಪ್ಟಾಗಿ ಬರೆದೆ. ಪ್ರೀಆರ್‌ಎಂ ಸ್ಕ್ರಿಪ್ಟನ್ನೂ ಹಾಗೆಯೇ ಬದಲಿಸಿದೆ. ಆವೃತ್ತಿ ಸಂಖ್ಯೆಯ ಕೊನೆಗೆ '+ಮಂಡಿ1' ಎಂದು ಸೇರಿಸಿ, ಇದು ತಯಾರಕರ ಮೂಲವಲ್ಲವೆಂಬುದು ಮುಂದೆ ನೋಡುವವರಿಗೆ ತಿಳಿಯುವಂತೆ ಮಾಡಿದೆ.

ಕಟ್ಟುವಾಗ ಎರಡು ತಪ್ಪು ಮಾಡಿದೆ. ಹೊಸದಾಗಿ ಬರೆದ ಸ್ಕ್ರಿಪ್ಟುಗಳ ಅನುಮತಿ 644 ಆಗಿತ್ತು, ಅಂದರೆ ಅವನ್ನು ಓಡಿಸುವಂತಿರಲಿಲ್ಲ. ಅದು 0555 ಮತ್ತು 0775ರ ನಡುವೆ ಇರಬೇಕೆಂದು ಡಿಪಿಕೆಜಿ-ಡೆಬ್ ಕಟ್ಟಲು ಒಪ್ಪಲಿಲ್ಲ, 755 ಮಾಡಿದ ಮೇಲೆ ಒಪ್ಪಿತು. ಎರಡನೆಯದು ಸದ್ದಿಲ್ಲದ ತಪ್ಪು. ಸಾಮಾನ್ಯ ಬಳಕೆದಾರನಾಗಿ ಬಿಚ್ಚಿ ಕಟ್ಟಿದ್ದರಿಂದ ಒಳಗಿನ ಫೈಲುಗಳೆಲ್ಲ ನನ್ನ ಒಡೆತನದಲ್ಲಿಯೇ ಉಳಿದುಬಿಟ್ಟವು. ರೂಟ್ (ವ್ಯವಸ್ಥೆಯ ಮುಖ್ಯ ಬಳಕೆದಾರ) ಒಡೆತನದಲ್ಲಿಲ್ಲದ ಫಿಲ್ಟರನ್ನು, ಅಂದರೆ ಚೀಟಿಯನ್ನು ಪ್ರಿಂಟರಿಗೆ ತಿಳಿಯುವ ರೂಪಕ್ಕೆ ತಿರುಗಿಸುವ ಪ್ರೋಗ್ರಾಮನ್ನು, ಕಪ್ಸ್ ಭದ್ರತೆಯ ಕಾರಣಕ್ಕೆ ಓಡಿಸುವುದಿಲ್ಲ. ಕಟ್ಟುವಾಗ 'ರೂಟ್-ಓನರ್-ಗ್ರೂಪ್' ಆಯ್ಕೆ ಕೊಟ್ಟರೆ ಇದು ಸರಿಹೋಗುತ್ತದೆ.

ಇಷ್ಟಾದ ಮೇಲೆ ಪ್ಯಾಕೇಜು ಸಲೀಸಾಗಿ ಕುಳಿತಿತು. ಪರೀಕ್ಷಾ ಚೀಟಿ ಕಳುಹಿಸಿದರೆ ಪ್ರಿಂಟರ್ ಮಿಸುಕಲಿಲ್ಲ. ಫಿಲ್ಟರ್ ಸೋತಿತು ಎಂಬ ಒಂದೇ ಮಾತು ಕಪ್ಸ್‌ನಿಂದ ಬಂದಿತು. ಫಿಲ್ಟರ್ ಇರುವ ದಾರಿಯನ್ನು ಟರ್ಮಿನಲ್ಲಿನಲ್ಲಿ ನೇರವಾಗಿ ಬರೆದು ಓಡಿಸಿದಾಗ, ನಿನ್ನೆಯಂತೆಯೇ, ಬೇಕಾದ ಫೈಲು ಸಿಗಲಿಲ್ಲವೆಂಬ ಉತ್ತರ. ಈ ಸಲ ನನಗೆ ನಿಜವಾಗಿಯೂ ಗಲಿಬಿಲಿಯಾಯಿತು, ಏಕೆಂದರೆ ಅದು ಸ್ಕ್ರಿಪ್ಟ್ ಅಲ್ಲ, ಕಂಪೈಲ್ ಆದ ಬೈನರಿ, ಅಂದರೆ ಯಂತ್ರಭಾಷೆಯ ಫೈಲು. ಅದರಲ್ಲಿ '#!' ಸಾಲೇ ಇರುವುದಿಲ್ಲ.

ಬೈನರಿಗೂ ಇಂಟರ್‌ಪ್ರಿಟರ್ ಇರುತ್ತದೆಂಬುದನ್ನು ನಾನು ಓದಿದ್ದೆ, ಆದರೆ ಅದರಿಂದ ಏಟು ತಿಂದದ್ದು ಇದೇ ಮೊದಲು. ಹಂಚಿಕೆಯ ಲೈಬ್ರರಿಗಳನ್ನು ಬಳಸುವ ಪ್ರತಿಯೊಂದು ಇಎಲ್‌ಎಫ್ (ಲಿನಕ್ಸ್ ಬೈನರಿಗಳ ಮಾದರಿ) ಬೈನರಿಯೂ, ಆ ಲೈಬ್ರರಿಗಳನ್ನು ಹುಡುಕಿ ಜೋಡಿಸಿಕೊಡುವ ಲೋಡರ್ ಎಲ್ಲಿದೆ ಎಂಬ ದಾರಿಯನ್ನು ತನ್ನೊಳಗೆ ಬರೆದಿಟ್ಟುಕೊಂಡಿರುತ್ತದೆ, ಕರ್ನಲ್ ಮೊದಲು ಆ ಲೋಡರನ್ನು ಹುಡುಕುತ್ತದೆ. 'ಫೈಲ್' ಎಂಬ ಆಜ್ಞೆಯನ್ನು ಆ ಫಿಲ್ಟರಿನ ಮೇಲೆ ಓಡಿಸಿದಾಗ ಎಲ್ಲವೂ ಒಂದೇ ಸಾಲಿನಲ್ಲಿ ಬಯಲಾಯಿತು: 32 ಬಿಟ್, ಇಂಟೆಲ್ 80386, ಇಂಟರ್‌ಪ್ರಿಟರ್ /ಲಿಬ್/ಎಲ್‌ಡಿ-ಲಿನಕ್ಸ್.ಎಸ್ಒ.2. ನನ್ನದು ಅಪ್ಪಟ 64 ಬಿಟ್ ವ್ಯವಸ್ಥೆ, ಅದರ ಲೋಡರ್ ಇರುವುದು /ಲಿಬ್64 ಎಂಬಲ್ಲಿ, ಬೇರೆ ಹೆಸರಿನಲ್ಲಿ. 32 ಬಿಟ್ಟಿನ ಲೋಡರ್ ಇರಲೇ ಇಲ್ಲ. ಇಂಥ ಸ್ಥಿತಿಯಲ್ಲಿ, ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಎಲ್‌ಡಿಡಿ ಆಜ್ಞೆಯೂ ದಾರಿ ತಪ್ಪಿಸುತ್ತದೆ: ಇದು ಲೈಬ್ರರಿಗಳನ್ನು ಬಳಸುವ ಪ್ರೋಗ್ರಾಮೇ ಅಲ್ಲವೆಂದು ಹೇಳಿಬಿಡುತ್ತದೆ. ಅದನ್ನು ನಂಬಿ ಅರ್ಧ ಗಂಟೆ ಕಳೆದೆ.

ಹಳೆಯ ಡೆಬಿಯನ್ 10ರಲ್ಲಿ ಇದು ಹೇಗೆ ಓಡುತ್ತಿತ್ತು ಎಂದು ಹಳೆಯ ಡಿಸ್ಕಿನ ಪ್ಯಾಕೇಜು ಪಟ್ಟಿಯಲ್ಲಿ ನೋಡಿದರೆ, ಐ386 ವಾಸ್ತುವಿನ (ಆರ್ಕಿಟೆಕ್ಚರ್, ಇಲ್ಲಿ 32 ಬಿಟ್ ಇಂಟೆಲ್ ಬಗೆ) ಲೈಬ್ರರಿಗಳು ಅಲ್ಲಿದ್ದವು. ಎಂದೋ ಯಾರೋ, ಬಹುಶಃ ನಾನೇ, ಹಾಕಿ ಮರೆತಿದ್ದೆವು. ಈಗ ಡಿಪಿಕೆಜಿಗೆ ಐ386 ವಾಸ್ತುವನ್ನು ಸೇರಿಸಿ, ಪಟ್ಟಿಯನ್ನು ನವೀಕರಿಸಿ, 'ಲಿಬ್‌ಸಿ6:ಐ386' ಹಾಕಿದೆ. ಫಿಲ್ಟರನ್ನು ಮತ್ತೆ ಓಡಿಸಿದಾಗ ದೂರಿನ ಧಾಟಿಯೇ ಬದಲಾಗಿತ್ತು: 'ಲಿಬ್‌ಕಪ್ಸ್‌ಇಮೇಜ್.ಎಸ್ಒ.2' ಎಂಬ ಲೈಬ್ರರಿಯನ್ನು ತೆರೆಯಲಾಗಲಿಲ್ಲ ಎಂದು ಹೆಸರು ಹಿಡಿದು ಹೇಳಿತು. ಹೀಗೆ ಹೇಳಿದ್ದು ಕರ್ನಲ್ ಅಲ್ಲ, ಈಗಷ್ಟೇ ಬಂದು ಕೆಲಸಕ್ಕೆ ಕುಳಿತ ಲೋಡರ್. ಇಲ್ಲದ ಫೈಲಿನ ಹೆಸರು ಸಂದೇಶದಲ್ಲಿ ಇದ್ದರೆ ಕೆಲಸ ಅರ್ಧ ಮುಗಿದಂತೆ. 'ಲಿಬ್‌ಕಪ್ಸ್‌ಇಮೇಜ್2:ಐ386' ಹಾಕಿದೊಡನೆ ಫಿಲ್ಟರ್ ಓಡಿತು.

ಇದರ ಬುಡದಲ್ಲಿದ್ದದ್ದೂ ಪ್ಯಾಕೇಜು ಕಟ್ಟಿದವರ ಅಸಡ್ಡೆಯೇ. ನಿಯಂತ್ರಣ ಫೈಲಿನಲ್ಲಿ ವಾಸ್ತುವನ್ನು 'ಆಲ್' ಎಂದು, ಅಂದರೆ ಯಾವ ಯಂತ್ರದಲ್ಲಾದರೂ ಓಡುತ್ತದೆಂದು, ಬರೆದಿದ್ದರು. ಒಳಗೆ 32 ಬಿಟ್ ಬೈನರಿ ಇದ್ದುದರಿಂದ ಅದು 'ಐ386' ಆಗಬೇಕಿತ್ತು. ಹಾಗಿದ್ದರೆ ಐ386ನ್ನು ಸೇರಿಸದ ವ್ಯವಸ್ಥೆಯಲ್ಲಿ ಡಿಪಿಕೆಜಿ ಬಾಗಿಲಲ್ಲಿಯೇ ತಡೆಯುತ್ತಿತ್ತು. ನಾನು ವಾಸ್ತುವನ್ನು ಐ386 ಎಂದು ತಿದ್ದಿ, ಅವಲಂಬನೆಯ ಸಾಲಿನಲ್ಲಿ ಲಿಬ್‌ಸಿ6 ಮತ್ತು ಲಿಬ್‌ಕಪ್ಸ್‌ಇಮೇಜ್2 ಎಂದು ಬರೆದು, '+ಮಂಡಿ2' ಎಂದು ಮತ್ತೊಮ್ಮೆ ಕಟ್ಟಿದೆ. ಈಗ ಖಾಲಿ ಯಂತ್ರದ ಮೇಲೆ ಐ386 ಸೇರಿಸಿ ಎಪಿಟಿ ಮೂಲಕ ಹಾಕಿದರೆ ಬೇಕಾದ ಲೈಬ್ರರಿಗಳು ತಾವಾಗಿಯೇ ಬರುತ್ತವೆ. ತಯಾರಕರಿಗೆ ಎರಡೂ ದೋಷಗಳನ್ನು ವಿವರಿಸಿ ಮಿಂಚಂಚೆ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಮೂರನೆಯ ದಿನದ ತೊಂದರೆ ಮನೆಯದೇ. ತೂಕದ ಅಂಕಿಗಳನ್ನು ತಂದು ಚೀಟಿಯ ಸೇವೆಯನ್ನು ಆರಂಭಿಸುವ ಪುಟ್ಟ ಶೆಲ್ ಸ್ಕ್ರಿಪ್ಟನ್ನು ಮಾವನ ಮಗ ತನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತಿದ್ದಿ ಪೆನ್‌ಡ್ರೈವಿನಲ್ಲಿ ತಂದಿದ್ದ. ಮೊದಲ ಸಾಲು '#!/ಬಿನ್/ಬ್ಯಾಶ್' ಎಂದೇ ಕಾಣುತ್ತಿತ್ತು, ಬ್ಯಾಶ್ ಅಲ್ಲಿಯೇ ಇತ್ತು, ಆದರೂ ಫೈಲಿಲ್ಲ ಎಂಬ ಅದೇ ಹಾಡು. ಎರಡು ದಿನ ಏಟು ತಿಂದಿದ್ದರಿಂದ ಈ ಸಲ ತಡವಾಗಲಿಲ್ಲ. ಮೊದಲ ಸಾಲನ್ನು 'ಒಡಿ -ಸಿ' ಆಜ್ಞೆಗೆ ಕೊಟ್ಟು ಅಕ್ಷರ ಅಕ್ಷರವಾಗಿ ಬಿಡಿಸಿ ನೋಡಿದಾಗ, ಬ್ಯಾಶ್ ಎಂಬುದರ ಬಾಲಕ್ಕೆ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಂಟಿಕೊಂಡಿತ್ತು. ವಿಂಡೋಸ್ ಸಾಲಿನ ಕೊನೆಗೆ ಎರಡು ಅಕ್ಷರ ಇಡುತ್ತದೆ, ಲಿನಕ್ಸ್ ಒಂದನ್ನೇ ಇಡುತ್ತದೆ. ಉಳಿದ ಇನ್ನೊಂದನ್ನು ಕರ್ನಲ್ ಹೆಸರಿನ ಭಾಗವೆಂದೇ ತಿಳಿದು ಅಂಥ ಫೈಲನ್ನು ಹುಡುಕಿ, ಸಿಗದೆ ಹಿಂದಿರುಗುತ್ತದೆ. 'ಡಾಸ್2ಯುನಿಕ್ಸ್' ಓಡಿಸಿ ಸರಿಪಡಿಸಿದೆ. ಅವನೇ ತಿದ್ದಿದ್ದ ಇನ್ನೊಂದು ಸ್ಕ್ರಿಪ್ಟಿನ ಮೊದಲ ಸಾಲು, ಹೆಸರು ಕೊಟ್ಟರೆ ಪ್ರೋಗ್ರಾಮನ್ನು ಹುಡುಕಿ ಓಡಿಸುವ 'ಎನ್ವ್' ಮೂಲಕ ಪೈಥಾನ್3ನ್ನು ಕರೆಯುತ್ತಿತ್ತು. ಅದರಲ್ಲಿಯೂ ಇದೇ ಕಾಯಿಲೆ, ಆದರೆ ಎನ್ವ್ ಎಂಬುದು ಸ್ವತಃ ಓಡುವ ಪ್ರೋಗ್ರಾಂ ಆದ್ದರಿಂದ, ತನಗೆ ಸಿಗದ ಹೆಸರನ್ನು ಬಾಲದ ಸಮೇತ ತೋರಿಸಿ ದೂರಿತು. "ಅಣ್ಣಾ, ನಾನು ಬರೀ ಹಮಾಲಿ ದರ ತಿದ್ದಿದ್ದು" ಎಂದು ಅವನು ಅಂದದ್ದೂ ಸುಳ್ಳಲ್ಲ.

ಚೀಟಿಯನ್ನು ಚಿತ್ರವಾಗಿಸುವ ಪೈಥಾನ್ ಪ್ರೋಗ್ರಾಮಿನ ವರ್ಚುವಲ್ ಪರಿಸರವನ್ನು, ಅಂದರೆ ಅದಕ್ಕೆ ಬೇಕಾದ ಲೈಬ್ರರಿಗಳ ಪ್ರತ್ಯೇಕ ಡೈರೆಕ್ಟರಿಯನ್ನು, ಹಳೆಯ ಡಿಸ್ಕಿನಿಂದ ಹಾಗೆಯೇ ಪ್ರತಿ ಮಾಡಿದ್ದು ನನ್ನದೇ ಸೋಮಾರಿತನ. ಅದರೊಳಗಿನ ಪಿಪ್ (ಪೈಥಾನ್ ಲೈಬ್ರರಿಗಳನ್ನು ಹಾಕುವ ಸಾಧನ) ಒಂದು ಸ್ಕ್ರಿಪ್ಟ್. ಅದರ ಮೊದಲ ಸಾಲಿನಲ್ಲಿ ಹಳೆಯ ಬಳಕೆದಾರನ ಡೈರೆಕ್ಟರಿಯ ಪೂರ್ತಿ ದಾರಿ ಬರೆದಿತ್ತು, ಆ ಬಳಕೆದಾರನೇ ಈಗ ಇರಲಿಲ್ಲ. ದಾರಿ ತಿದ್ದಿದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಪೈಥಾನ್ 3.7ರದ್ದು, ಇಲ್ಲಿರುವುದು 3.11. ಹಳೆಯ ಪರಿಸರದ ಸೈಟ್-ಪ್ಯಾಕೇಜಸ್ ಡೈರೆಕ್ಟರಿಯಲ್ಲಿದ್ದ ಹೆಸರುಗಳನ್ನು ನೋಡಿ ಪಟ್ಟಿ ಮಾಡಿಕೊಂಡು, ಹೊಸ ಪರಿಸರ ಕಟ್ಟಿ, ಅದರ ಪೈಥಾನಿಗೆ '-ಎಂ ಪಿಪ್' ಎಂದು ಕೊಟ್ಟು ಅವನ್ನೆಲ್ಲ ಹಾಕಿದೆ. ಹೀಗೆ ಕರೆದರೆ ಪಿಪ್‌ನ ಮೊದಲ ಸಾಲಿನ ಗೊಡವೆಯೇ ಇರುವುದಿಲ್ಲ. ಪರಿಸರದ ಹೊರಗೆ ಪಿಪ್ ಓಡಿಸಲು ಹೋದರೆ ಡೆಬಿಯನ್ 12 ಒಪ್ಪುವುದಿಲ್ಲ, ಇದು ವ್ಯವಸ್ಥೆಯ ಸುಪರ್ದಿನಲ್ಲಿದೆ ಎಂದು ತಡೆಯುತ್ತದೆ. ಆ ತಡೆಯನ್ನು ಮುರಿಯುವ ಆಯ್ಕೆ ಇದ್ದರೂ ಅಂಗಡಿಯ ಯಂತ್ರದಲ್ಲಿ ನಾನು ಅದನ್ನು ಬಳಸುವುದಿಲ್ಲ.

ಅಂದು ಸಂಜೆ ಮೊದಲ ಚೀಟಿ ಹೊರಬಂದಾಗ ಬಲಗಡೆಯ ಅಂಕಿಗಳು ಕತ್ತರಿಸಿಹೋಗಿದ್ದವು, ನಿವ್ವಳ ತೂಕದ ಕೊನೆಯ ಸೊನ್ನೆಯೇ ಇರಲಿಲ್ಲ. ಮಂಡಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಕಾಗದ 80 ಮಿ.ಮೀ. ಅಗಲವಿದ್ದರೂ ಅಚ್ಚಾಗುವುದು 72 ಮಿ.ಮೀ. ಮಾತ್ರ, ಅಂದರೆ 576 ಚುಕ್ಕಿ. ನಾನು ಹೊಸ ಪರಿಸರದಲ್ಲಿ ಚಿತ್ರದ ಅಗಲವನ್ನು 640 ಎಂದು ಇಟ್ಟಿದ್ದೆ. ಅದನ್ನು ತಿದ್ದಿ, ಪ್ಯಾಕೇಜು ತಾನಾಗಿ ನವೀಕರಣಗೊಳ್ಳದಂತೆ ಅದನ್ನು 'ಹೋಲ್ಡ್' ಸ್ಥಿತಿಗೆ ಹಾಕಿ, ಎರಡು ಬಾರಿ ಕಟ್ಟಿದ ಡೆಬ್ ಫೈಲನ್ನು ಪೆನ್‌ಡ್ರೈವಿನಲ್ಲಿ ಪ್ರತಿ ಮಾಡಿ ಮಾವನ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಎರಡನೆಯ ಚೀಟಿಯನ್ನು ಮಾವ ಕನ್ನಡಕ ಏರಿಸಿ ಒಮ್ಮೆ, ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿ, ಹೊರಗೆ ಕಾಯುತ್ತಿದ್ದ ಟ್ರ್ಯಾಕ್ಟರಿನವರಿಗೆ ಕೊಟ್ಟರು.